ಎರಡು ಪೊಟ್ಟಣ, ಎರಡನೆಯ ಕೀಪರ್

ಬೇರೆ ಯಾರಾದರೂ ನಿಮಗೆ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಎರಡು ಪೊಟ್ಟಣದಲ್ಲೂ ಬಿಳಿ ಹೂವನ್ನೇ ಇಟ್ಟವನು ನಾನು. ಒಂದರಲ್ಲಿ ಬಿಳಿ, ಇನ್ನೊಂದರಲ್ಲಿ ಕೆಂಪು ಇಡಬೇಕಿತ್ತು. ದೇವಿಯ ಮುಂದಿಟ್ಟು ಅಪ್ಪಣೆ ಕೇಳುವ ಹೂವು ಅದು. ಒಂದು ಫುಟ್‌ಬಾಲ್ ತಂಡದಲ್ಲಿ ಯಾರು ಉಳಿಯಬೇಕು, ಯಾರು ಹೋಗಬೇಕು ಎಂಬ ಪ್ರಶ್ನೆಯನ್ನು ದೇವಿಯ ತನಕ ಒಯ್ದವರಲ್ಲಿ ನಮ್ಮ ಬೀದಿಯವರೇ ಮೊದಲಿಗರಿರಬೇಕು. ಕೇಳಿಸಿಕೊಂಡ ದೇವಿಗೆ ಬೇರೆ ಉತ್ತರ ಹೇಳಲು ದಾರಿಯೇ ಇಲ್ಲದಂತೆ ಮಾಡಿದವರಲ್ಲಿ ನಾನೇ ಮೊದಲಿಗ. ಅದೇ ದಿನ ಇನ್ನೊಂದು ದಡ್ಡತನವನ್ನೂ ಮಾಡಿದೆ. ಅದು ಇದಕ್ಕಿಂತ ದೊಡ್ಡದು. ಅದರ ಜಾಗ ಬಂದಾಗ ಹೇಳುತ್ತೇನೆ.

ಇಷ್ಟು ಧೈರ್ಯವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಕೊಯಮತ್ತೂರಿನ ಹತ್ತಿರ, ಸೂಲೂರಿನ ಆಚೆಗಿರುವ ನಮ್ಮ ನೇಕಾರರ ಬೀದಿಯಲ್ಲಿ ಎಲ್ಲರೂ ಮನೆಯೊಳಗೆ ಕನ್ನಡ ಆಡುತ್ತಾರೆ, ಹೊಸಿಲು ದಾಟಿದರೆ ತಮಿಳು. ಓದು ಬರಹವೆಲ್ಲ ತಮಿಳಿನಲ್ಲೇ. ಕನ್ನಡದ ಅಕ್ಷರ ಕಲಿತವನು ನಾನೊಬ್ಬ, ಅದೂ ಫೋನಿನಲ್ಲಿ. ಮೈಸೂರು, ಬೆಂಗಳೂರು ಕಡೆಯ ಮಿಮಿಕ್ರಿಯವರ ವೀಡಿಯೊ ಕೆಳಗೆ ಜನ ಏನೇನು ಬೈದಿದ್ದಾರೆ ಎಂದು ಓದುವ ಆಸೆಗೆ ಕಲಿತದ್ದು. ಹಾಗಾಗಿ ಇಲ್ಲಿ ಚಿಕ್ಕಪ್ಪನ ಬಗ್ಗೆ ನಾನು ಏನು ಬರೆದರೂ ಚಿಕ್ಕಪ್ಪ ಓದಲಾರ. ಮಿಮಿಕ್ರಿ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗುವುದಿಲ್ಲ. ನನ್ನ ಉಳಿದ ಕಸುಬನ್ನೂ ಹೇಳಿಬಿಡುತ್ತೇನೆ: ಮದುವೆ ರಿಸೆಪ್ಷನ್‌ಗಳಲ್ಲಿ ಆರ್ಕೆಸ್ಟ್ರಾದವರು ನೀರು ಕುಡಿಯಲು ಇಳಿದಾಗ ಹತ್ತು ನಿಮಿಷ ವೇದಿಕೆ ನನ್ನದು. ಮಿಕ್ಕ ದಿನವೆಲ್ಲ ಚಿಕ್ಕಪ್ಪನ ಮಗ್ಗದ ಶೆಡ್ಡಿನಲ್ಲಿ ನೂಲಿನ ಕೋನು ಹೊರುತ್ತೇನೆ.

ವಿಷಯ ಬಾವನದು. ಬಾವ ಎಂದರೆ ನನ್ನ ಅತ್ತೆಯ ಮಗ, ನನಗಿಂತ ಸ್ವಲ್ಪ ದೊಡ್ಡವನು. ಕೊಯಮತ್ತೂರಿನ ವೃತ್ತಿಪರ ಫುಟ್‌ಬಾಲ್ ತಂಡದಲ್ಲಿ ಗೋಲ್‌ಕೀಪರ್. ಇಷ್ಟು ಹೇಳಿದರೆ ಹೊರಗಿನವರು ಹುಬ್ಬೇರಿಸುತ್ತಾರೆ, ಆಗ ನಾವು ಉಳಿದರ್ಧವನ್ನು ನುಂಗಿಕೊಳ್ಳುತ್ತೇವೆ. ಉಳಿದರ್ಧ ಏನೆಂದರೆ ಅವನು ಎರಡನೆಯ ಕೀಪರ್. ಮೊದಲನೆಯವನಿಗೆ ಪೆಟ್ಟಾದರೆ ಮಾತ್ರ ಬಾವ ಒಳಗೆ ಹೋಗಬೇಕು. ಮೂರು ಸೀಸನ್ ಕಳೆದರೂ ಆ ಪುಣ್ಯಾತ್ಮನಿಗೆ ಒಂದು ನೆಗಡಿಯೂ ಆಗಲಿಲ್ಲ.

ಆದರೂ ನಮ್ಮ ಬೀದಿಯಿಂದ ಒಂದು ವ್ಯಾನು ತಪ್ಪದೆ ಪಂದ್ಯಕ್ಕೆ ಹೋಗುತ್ತಿತ್ತು. ಬೇರೆ ಅಭಿಮಾನಿಗಳು ಗೋಲಿನ ಹಿಂದೆಯೋ ನಡುಗೆರೆಯ ಎದುರೋ ಕೂರಲು ಓಡುತ್ತಾರೆ. ನಾವು ಬೆಂಚಿನ ಹಿಂದೆ ಕೂರುತ್ತಿದ್ದೆವು. ತೊಂಬತ್ತು ನಿಮಿಷ ಬಾವನ ಕತ್ತಿನ ಹಿಂಭಾಗ ನೋಡಿ, ಕೂಗಿ, ಗಂಟಲು ಕಟ್ಟಿಸಿಕೊಂಡು ವಾಪಸ್ಸು ಬರುತ್ತಿದ್ದೆವು. ಅತ್ತೆ ಸ್ಟೇಡಿಯಂಗೆ ಬರುತ್ತಿರಲಿಲ್ಲ, ಮನೆಯಲ್ಲಿ ಟಿವಿ ಮುಂದೆ. ಕ್ಯಾಮೆರಾ ಬೆಂಚಿನ ಕಡೆ ತಿರುಗುವುದು ಅಪರೂಪ. ತಿರುಗಿದಾಗ ಮಗ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿರುವುದು ಅವಳಿಗೆ ಕಾಣಿಸುತ್ತಿತ್ತು. ಹುಟ್ಟಿದಾಗಿನಿಂದ ಬಣ್ಣದ ನೂಲಿನ ನಡುವೆ ಬದುಕಿದವಳು, ಅವಳ ಕಣ್ಣಿಗೆ ಮೊದಲು ಬಿದ್ದದ್ದು ಅಂಗಿ.

"ಎಲ್ಲಾರ್ಗೂ ಒಂದೇ ಬಣ್ಣ, ನಮ್ಮವನ್ಗೆ ಮಾತ್ರ ಯಾಕ್ಡಾ ಬೇರೆ? ಮಿಕ್ಕ ಬಟ್ಟೇಲಿ ಹೊಲ್ಸವ್ರಾ?" ಎಂದು ನನ್ನನ್ನು ಕೇಳಿದ್ದಳು.

"ಇಲ್ಲತ್ತೆ, ಕೀಪರ್‌ಗೆ ಬೇರೆ ಬಣ್ಣಾನೇ ಕೊಡೋದು. ಬಾಲ್ನ ಕೈಯಲ್ಲಿ ಮುಟ್ಟಬೌದಾದವ್ನು ಅವನೊಬ್ಬನೇ, ಅದು ಗೊತ್ತಾಗ್ಲಿ ಅಂತ."

ಅತ್ತೆ ಸ್ವಲ್ಪ ಹೊತ್ತು ಟಿವಿ ನೋಡಿದಳು. "ಮುಟ್ಟೋದೇ ಕಾಣಲ್ಲ" ಎಂದಳು.

ಬಾವ ಬೆಂಚಿನ ಮೇಲೆ ಕೂರುವುದೇ ನನ್ನ ಅತ್ಯುತ್ತಮ ಐಟಮ್ಮು. ಯಾವ ಮದುವೆಯಲ್ಲಿ ಮಾಡಿದರೂ ಸೋಲದು. ಮೊದಲು ಬೆನ್ನು ನೆಟ್ಟಗೆ, ಕೈ ಮೊಣಕಾಲ ಮೇಲೆ. ತಂಡ ಗೋಲು ಹಾಕಿದರೆ ಅರ್ಧ ಎದ್ದು ಮೂರು ಚಪ್ಪಾಳೆ. ಎದುರಾಳಿ ಹಾಕಿದರೆ ಬಾಟಲಿಯ ಮುಚ್ಚಳ ತಿರುಗಿಸುವುದು, ಕುಡಿಯದೆ ಮತ್ತೆ ಮುಚ್ಚುವುದು. ಮೊದಲನೆಯ ಕೀಪರ್ ನೆಲಕ್ಕೆ ಬಿದ್ದರೆ ಕತ್ತು ಒಂದು ಬೆರಳಿನಷ್ಟು ಉದ್ದವಾಗುವುದು, ಅವನು ಎದ್ದು ನಿಂತರೆ ಕತ್ತು ಒಳಗೆ ಹೋಗುವುದು. ನೋಡಿದವರೆಲ್ಲ ನಗುತ್ತಾರೆ. ಎಲ್ಲರಿಗಿಂತ ಮೊದಲು ನಗುವವನು ಬಾವನೇ.

ಇದು ಶೆಡ್ಡಿಗೂ ಹೋಯಿತು. ಪವರ್‌ಲೂಮ್ ಓಡುವಾಗ ಒಳಗೆ ಮಾತು ಕೇಳುವುದಿಲ್ಲ. ಪಕ್ಕದವನ ಕಿವಿಗೆ ಬಾಯಿಟ್ಟು ಕೂಗಿದರೂ ಮಗ್ಗವೇ ಗೆಲ್ಲುತ್ತದೆ. ಹಾಗಾಗಿ ನಮ್ಮವರು ಕೈಯಲ್ಲೇ ಮಾತಾಡುತ್ತಾರೆ. ಊಟ, ಟೀ, ನೂಲು ಕಿತ್ತುಹೋಯಿತು, ಮೊದಲಾಳಿ ಎಂದರೆ ಯಜಮಾನನಾದ ಚಿಕ್ಕಪ್ಪ ಬಂದ, ಎಲ್ಲಕ್ಕೂ ಒಂದೊಂದು ಸನ್ನೆ ಮೊದಲಿನಿಂದ ಇದೆ. ಫುಟ್‌ಬಾಲ್ ಹುಚ್ಚು ಹತ್ತಿದ ಮೇಲೆ ಆಟಗಾರರಿಗೂ ಸನ್ನೆ ಬೇಕಾಯಿತು, ಅದನ್ನು ಮಾಡಿಕೊಟ್ಟವನು ನಾನು. ಉದ್ದ ಕೂದಲಿನ ವಿದೇಶಿ ಫಾರ್ವರ್ಡ್‌ಗೆ ಜುಟ್ಟು ಕಟ್ಟುವ ಸನ್ನೆ. ಕ್ಯಾಪ್ಟನ್‌ಗೆ ಕೈಪಟ್ಟಿ ಮೇಲೆಳೆಯುವುದು. ಬಾವನಿಗೆ ಏನೆಂದು ಹೇಳಬೇಕಿಲ್ಲ. ಎರಡು ಕೈ, ಎರಡು ಮೊಣಕಾಲು. ಅವನ ಎದುರಿಗೇ ಎಲ್ಲರೂ ಹಾಗೆ ಮಾಡುತ್ತಿದ್ದರು, ಅವನೂ ತನ್ನ ಬಗ್ಗೆ ಹೇಳಬೇಕಾದಾಗ ಅದನ್ನೇ ಮಾಡುತ್ತಿದ್ದ.

ಬಾಯಿ ಬಿಟ್ಟು ಮಾತಾಡುವ ದಿನ ಒಂದೇ. ಕರೆಂಟಿನವರು ರಿಪೇರಿಗೆಂದು ತಿಂಗಳಿಗೊಮ್ಮೆ ಬೆಳಗಿನಿಂದ ಸಂಜೆವರೆಗೆ ಲೈನು ನಿಲ್ಲಿಸುವ ದಿನ. ಆ ದಿನ ಶೆಡ್ಡು ಇದ್ದಕ್ಕಿದ್ದಂತೆ ದೊಡ್ಡದಾಗಿ ಕಾಣುತ್ತದೆ. ಮೇಲೆ ವಾಯುಪಡೆಯ ವಿಮಾನ ಹೋಗುವುದು, ಕೆಳಗೆ ಇರುವೆ ಹೋಗುವುದು ಎರಡೂ ಕೇಳಿಸುತ್ತದೆ. ತಿಂಗಳಿಡೀ ಕೈಯಲ್ಲಿ ಅರ್ಧಂಬರ್ಧ ಆಡಿದ ಜಗಳವನ್ನೆಲ್ಲ ಆ ದಿನ ಪೂರ್ತಿ ಮಾಡುತ್ತಾರೆ.

ಸೀಸನ್ ಮುಗಿದ ಮೇಲೆ ಬಂದ ಮೊದಲ ಕರೆಂಟಿಲ್ಲದ ದಿನ ಜಗಳ ಶುರುವಾದದ್ದು ಜುಟ್ಟಿನವನಿಂದ. ಆಟ ನಿಂತ ತಿಂಗಳುಗಳಲ್ಲಿ ಅಭಿಮಾನಿಗಳಿಗೆ ಹೊಟ್ಟೆಗೆ ಇರುವುದು ಯಾರು ಹೋದ, ಯಾರು ಬಂದ ಎಂಬುದೊಂದೇ. ಚಿಕ್ಕಪ್ಪ ಫೋನನ್ನು ಕನ್ನಡಕಕ್ಕೆ ತಾಗಿಸುವಷ್ಟು ಹತ್ತಿರ ಹಿಡಿದು ಸುದ್ದಿ ಓದಿದ.

"ಜುಟ್ಟಿನವ ಗೋವಾ ಕಡೆ ಹೋದ್ನಂತೆ. ಹೋಗ್ಲಿ ಬುಡು. ಗೋಲು ಹಾಕಿದ್ದಕ್ಕಿಂತ ಜುಟ್ಟು ಕಟ್ಟಿದ್ದೇ ಜಾಸ್ತಿ."

"ಜುಟ್ಟು ಕಟ್ಕೊಂಡೇ ಗೆಲ್ಸುದ್ನಲ್ಲಂಗ ಮೊದಲಾಳಿ" ಎಂದ ಫಿಟ್ಟರ್. ಫಿಟ್ಟರ್ ತಮಿಳಿನವನು, ನಮ್ಮ ಮಗ್ಗಗಳನ್ನು ರಿಪೇರಿ ಮಾಡುತ್ತ ಮಾಡುತ್ತ ನಮ್ಮ ಕನ್ನಡವನ್ನೂ ಕಲಿತುಬಿಟ್ಟವನು. ಪ್ರತಿ ಮಾತಿಗೂ 'ಅಂಗ' ಎಂಬ ಮರ್ಯಾದೆಯ ಬಾಲ ಕಟ್ಟುತ್ತಾನೆ, ಬೈಯುವಾಗಲೂ. "ಅವನ ಜಾಗಕ್ಕೆ ಯಾರ್ನ ತತ್ತಾರಂಗ?"

"ಯಾರೋ ಹೊಸಾ ಹುಡ್ಗನ್ನ. ಮೀಸೇನೂ ಸರ್ಯಾಗಿ ಬಂದಿಲ್ಲ."

"ಹೊಸಾ ನೂಲುಂಗ. ಓಡ್ಸಿ ನೋಡೋ ತನ್ಕ ಗೊತ್ತಾಗಲ್ಲ, ಎಲ್ಲೆಲ್ಲಿ ಕಿತ್ಕತದೋ."

"ಹಳೇ ನೂಲೂ ಕಿತ್ಕತದೆ. ಕ್ಯಾಪ್ಟನ್ ನೋಡು, ಮಂಡಿ ನೋವು ಅಂತ ಕಡೇ ಮೂರು ಮ್ಯಾಚು ಕುಂಟ್ಕೊಂಡೇ ಆಡ್ದ. ಅವನ್ಗೆ ಮಾತ್ರ ಇನ್ನೊಂದು ವರ್ಸ ಕೊಟ್ಟವ್ರೆ. ಯಾಕೆ? ಮೇನೇಜರ್ ಊರವ್ನು."

"ನೀವೂ ನಿಮ್ಮೂರವ್ರನ್ನೇ ತಾನೇಂಗ ಮಗ್ಗಕ್ಕೆ ಹಾಕೋದು" ಎಂದ ಫಿಟ್ಟರ್. ಈಗ ಹೊಡೆದಾಟವೇ ಎಂದು ಎಲ್ಲರೂ ಅವನ ಕೈಯ ಸ್ಪ್ಯಾನರ್ ಕಡೆ ನೋಡಿದರು.

ನಾನು ಇಬ್ಬರ ನಡುವೆ ನಿಂತು, ಚಿಕ್ಕಪ್ಪನ ಕನ್ನಡಕ ಇಳಿಸುವುದನ್ನೂ ಫಿಟ್ಟರ್‌ನ ಬಾಲವನ್ನೂ ಸೇರಿಸಿ ಇಬ್ಬರನ್ನೂ ಒಬ್ಬನೇ ಆಡಿ ತೋರಿಸುತ್ತಿದ್ದೆ. ಅಷ್ಟರಲ್ಲಿ ಬಾವ ಬಂದ. ಚಿಕ್ಕಪ್ಪನ ಊಟದ ಕ್ಯಾರಿಯರ್ ಕೆಳಗಿಟ್ಟು, ನೂಲಿನ ಮೂಟೆಯ ಮೇಲೆ ಕೂತು, ಹವಾಮಾನ ಹೇಳುವವರ ಹಾಗೆ ಹೇಳಿದ:

"ಮಾವ, ಮೊದಲ್ನೇ ಕೀಪರ್‌ಗೆ ಎರಡು ವರ್ಸ ಕಾಂಟ್ರಾಕ್ಟ್ ಹಾಕವ್ರೆ. ನಂಗೂ ಎರಡು ವರ್ಸ, ಇದೇ ಜಾಗ. ಇನ್ನೊಂದು ಟೀಮೂ ಕರ್ದದೆ. ಅಸ್ಸಾಂ ದಾಟಿ ಬೆಟ್ಟದ ಮೇಲೆ ಒಂದೂರು. ಕೆಳ್ಗಿನ ಲೀಗು. ಆದ್ರೆ ಅಲ್ಲಿ ನಾನೇ ಮೊದಲ್ನೇವ್ನು. ಈ ವಾರದೊಳಗೆ ಹೇಳ್ಬೇಕು."

ಅಲ್ಲಿಯವರೆಗೆ ನಾವು ಬೇರೆಯವರ ಮಕ್ಕಳನ್ನು ತೆಗೆದು ಹಾಕುವುದು, ಕೊಂಡು ತರುವುದು ಎಷ್ಟು ಸಲೀಸಾಗಿ ಮಾಡುತ್ತಿದ್ದೆವು.

ನಮ್ಮಲ್ಲಿ ಇಂಥ ತೀರ್ಮಾನ ಸೋದರಮಾವನದು. ಬಾವನ ಅಪ್ಪ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕಟಿಂಗ್ ಕೆಲಸ, ಭಾನುವಾರ ಮಾತ್ರ ಮನೆಗೆ ಬರುವವನು. ಫೋನು ಮಾಡಿದರೆ "ಭಾವಮೈದ ಹೇಳ್ದಂಗೆ ಮಾಡಿ" ಎಂದು ಇಟ್ಟುಬಿಟ್ಟ. ಹಾಗಾಗಿ ಎಲ್ಲ ಚಿಕ್ಕಪ್ಪನ ತಲೆಯ ಮೇಲೆ ಬಂತು, ಚಿಕ್ಕಪ್ಪನ ತಲೆ ಎಂದರೆ ಇಡೀ ಶೆಡ್ಡಿನ ತಲೆ. ಮಾರನೆಯ ದಿನ ಮಗ್ಗ ಓಡಲು ಶುರುವಾದರೂ ವಾದ ನಿಲ್ಲಲಿಲ್ಲ. ಎಲ್ಲಿ ನೋಡಿದರೂ ಕೈ, ಮೊಣಕಾಲು, ಆಮೇಲೆ ದೂರದ ಬೆಟ್ಟದ ಸನ್ನೆ, ಆಮೇಲೆ ತಲೆ ಅಲ್ಲಾಡಿಸುವುದು.

ಚಿಕ್ಕಪ್ಪ ಉಳಿಯಲಿ ಎನ್ನುವ ಕಡೆ. "ಇಲ್ಲಿ ಕೂತಿದ್ರೂ ಟಿವೀಲಿ ಬತ್ತಾನೆ. ಅಲ್ಲಿ ನಿಂತ್ಕೊಂಡ್ರೂ ಯಾರು ನೋಡ್ತಾರೆ?" ಎಂದು ಟೀ ಹೊತ್ತಿನಲ್ಲಿ ಹೊರಗೆ ಬಂದು ಹೇಳಿದ.

ಬಾವನನ್ನು ತಂಬಿ ಎಂದೇ ಕರೆಯುವ ಫಿಟ್ಟರ್ ಹೋಗಲಿ ಎನ್ನುವ ಕಡೆ. "ಟಿವೀಲಿ ಬರೋದು ತಂಬೀದು ಮೊಣಕಾಲು ಮಾತ್ರಂಗ."

"ಮೊದಲ್ನೇವನ್ಗೆ ವಯಸ್ಸಾಯ್ತದೆ. ಇವತ್ತಲ್ಲ ನಾಳೆ ಜಾಗ ಬುಡಲೇಬೇಕು."

"ತಂಬೀಗೂ ವಯಸ್ಸಾಯ್ತದಲ್ಲಂಗ. ಬೆಂಚಲ್ಲಿ ಕೂತವ್ರಿಗೆ ಕಾಲ ನಿಂತ್ಕತದಾ?"

ಅತ್ತೆ ಯಾವ ಕಡೆಗೂ ಸೇರಲಿಲ್ಲ. ಅವಳಿಗೆ ಇದ್ದದ್ದು ಒಂದೇ ಸಂದೇಹ. "ಆ ಊರಲ್ಲಿ ಟಿವೀಲಿ ತೋರುಸ್ತಾರಾ?" ತೋರಿಸುವುದಿಲ್ಲ, ಫೋನಿನಲ್ಲಿ ಬಂದರೆ ಬಂತು ಎಂದೆ. ಅಂದರೆ ಮಗ ಕಾಣುತ್ತಿದ್ದರೆ ಬಾಲು ಮುಟ್ಟುವುದಿಲ್ಲ, ಮುಟ್ಟಿದರೆ ಕಾಣುವುದಿಲ್ಲ. ಅವಳು ನೀರೊಲೆಗೆ ಇನ್ನೊಂದು ಕಟ್ಟಿಗೆ ನೂಕಿದಳು.

ಇಷ್ಟೆಲ್ಲದರ ನಡುವೆ ನನಗೆ ಒಂದು ಕುತೂಹಲ ಹತ್ತಿತು. ಮೂರು ಸೀಸನ್ ಅವನ ಕತ್ತನ್ನು ನೋಡಿದ್ದೇನೆ, ಅವನ ಬೆನ್ನಿನ ಮಡಿಕೆ ಮಡಿಕೆ ನನಗೆ ಗೊತ್ತು. ಒಳಗೆ ಏನು ನಡೆಯುತ್ತದೆ? ಮೊದಲನೆಯವನು ಬಿದ್ದಾಗ ಆ ಕತ್ತು ಉದ್ದವಾಗುವುದು ಭಯಕ್ಕೋ ಆಸೆಗೋ? ಐಟಮ್ಮು ಮಾಡುವವನಿಗೆ ಇದು ತಿಳಿದಿರಬೇಕಿತ್ತು. ಅದಕ್ಕೇ ಆ ವಾರದ ನಡುವೆ ಒಂದು ದಿನ, ಆಟವಿಲ್ಲದ ತಿಂಗಳಲ್ಲಿ ಅವನು ಎಲ್ಲಿಗೆ ಹೋಗಿ ಪ್ರಾಕ್ಟೀಸ್ ಮಾಡುತ್ತಾನೆ ನೋಡೋಣವೆಂದು ನಾನೂ ಅವನ ಜೊತೆ ಬಸ್ಸು ಹತ್ತಿದೆ.

ಕಿಣತ್ತುಕಡವು ದಾಟಿ ಪೊಳ್ಳಾಚಿಗೆ ಇನ್ನೂ ಸ್ವಲ್ಪ ಇರುವಾಗ ಇಳಿದೆವು. ಮೈದಾನವೂ ಇಲ್ಲ, ಜಿಮ್ಮೂ ಇಲ್ಲ. ಅವನ ಜೊತೆ ಓದಿದವನೊಬ್ಬನ ತೆಂಗಿನಕಾಯಿ ಕಳ, ಎಂದರೆ ಕಾಯಿ ಸುಲಿದು ಗುಡ್ಡೆ ಹಾಕುವ ಕಣ. ಸುಲಿದ ಕಾಯಿಯ ಗುಡ್ಡೆ, ಪಕ್ಕದಲ್ಲಿ ಲಾರಿ. ಕೆಳಗೆ ನಿಂತವರು ಒಂದೊಂದು ಕೈಯಲ್ಲಿ ಒಂದೊಂದು ಕಾಯಿ ಎತ್ತಿ ಜೋಡಿಯಾಗಿ ಮೇಲಕ್ಕೆ ಎಸೆಯುತ್ತಾರೆ, ಲಾರಿಯ ಮೇಲೆ ನಿಂತವನು ಹಿಡಿದು ಹಿಂದಕ್ಕೆ ಪೇರಿಸುತ್ತಾನೆ. ಬಾವ ಚಪ್ಪಲಿ ಬಿಟ್ಟು ಲಾರಿ ಹತ್ತಿದ.

ಆಮೇಲೆ ನಾನು ಕಂಡವನು ನನಗೆ ಗೊತ್ತಿದ್ದವನಲ್ಲ. ಕಾಯಿ ಬರುವ ಮೊದಲೇ ಅವನ ಕಾಲು ಜಾಗ ಬದಲಿಸುತ್ತಿತ್ತು. ಅಡ್ಡಾದಿಡ್ಡಿ ಬಂದದ್ದನ್ನು ಮೈ ಬಾಗಿಸಿ ಎದೆಗೆ ಅಪ್ಪಿಕೊಳ್ಳುತ್ತಿದ್ದ, ತಲೆಯ ಮೇಲೆ ಹೋದದ್ದನ್ನು ಬೆರಳ ತುದಿಯಲ್ಲಿ ಇಳಿಸುತ್ತಿದ್ದ. ಅದಕ್ಕಿಂತ ಹೆಚ್ಚಾಗಿ, ಕೂಗುತ್ತಿದ್ದ. ಎಡಕ್ಕೆ ಹಾಕು, ಮೇಲೆ ಹಾಕು, ಬುಡು ಅದು ನಂದು, ನೀ ಹಿಂದಕ್ಕೆ ನಿಲ್ಲು ಎಂದು ಕಳವೆಲ್ಲ ಕೇಳುವ ಹಾಗೆ ತಮಿಳಿನಲ್ಲಿ ಕೂಗುತ್ತಿದ್ದ, ಕೆಳಗಿನವರು ಹೇಳಿದ ಹಾಗೆ ಜಾಗ ಬದಲಿಸುತ್ತಿದ್ದರು. ಕೀಪರ್‌ಗೆ ಇಡೀ ಮೈದಾನ ಕಾಣುತ್ತದೆ, ಅವನೇ ಎಲ್ಲರಿಗೂ ಕೂಗಿ ಹೇಳುತ್ತಿರಬೇಕು ಎಂದು ಕೇಳಿದ್ದೆ. ಬಾವನ ಕೂಗನ್ನು ಮಾತ್ರ ಕೇಳಿರಲಿಲ್ಲ. ಆಗ ಹೊಳೆಯಿತು, ಮೂರು ವರ್ಷದಿಂದ ಮಾಡುತ್ತಿರುವ ನನ್ನ ಐಟಮ್ಮಿನಲ್ಲಿ ಒಂದು ಮಾತೂ ಇಲ್ಲ. ಮಿಮಿಕ್ರಿಯವನು ಎಂದು ಬೋರ್ಡು ಹಾಕಿಕೊಂಡು ಒಬ್ಬನ ದನಿಯನ್ನೇ ಬಿಟ್ಟಿದ್ದೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೇಳಿದೆ. "ಬಾವ, ನಿಜ ಹೇಳು. ಮೊದಲ್ನೇವನ್ಗೆ ಪೆಟ್ಟಾಗ್ಲಿ ಅಂತ ಅನ್ಸಲ್ವಾ?"

"ಅನ್ಸ್ತದೆ" ಎಂದ. "ಆಮ್ಯಾಕೆ ಅವನೇ ಬಂದು ಒಂದು ಬಾಳೆಹಣ್ಣು ಕೊಟ್ಟು ತಿನ್ನು ಅಂತಾನೆ. ತಿನ್ನಕ್ಕೇ ಆಗಲ್ಲ ನೋಡು ಆಗ."

"ಈಗ ಏನು ಮಾಡ್ತೀಯ? ಹೋಗ್ಬೇಕು ಅಂತ ಅದೆಯಾ?"

ಅವನು ಅಂಗೈಯಲ್ಲಿ ಅಂಟಿದ್ದ ತೆಂಗಿನ ನಾರನ್ನು ಕಿತ್ತುಹಾಕುತ್ತ ಕೂತ. "ಮಾವ ಹೇಳ್ಲಿ. ಬಾಲು ಹೊಡ್ಯೋಕೆ ಮುಂಚೆ ಕೀಪರ್ ಹಾರ್ಬಾರ್ದು. ಹಾರ್ದವ್ನು ಕೆಟ್ಟ. ಮೊದ್ಲು ಬಾಲು ಬರ್ಲಿ."

ಅವನಿಗೆ ಏನು ಬೇಕೆಂದು ಆ ಲಾರಿಯ ಮೇಲೆ ನಾನು ನೋಡಿದ್ದೆ, ಬೇರೆ ಸಾಕ್ಷಿ ಬೇಕಿರಲಿಲ್ಲ. ಹೋಗುವವರ ಕಡೆ ನಾನು ಸೇರಬೇಕಿದ್ದದ್ದು ನ್ಯಾಯ. ಆದರೆ ಬಸ್ಸಿನಲ್ಲಿ ಅವನ ಕೂಗನ್ನು ಮೆಲ್ಲಗೆ ಅನುಕರಿಸಿ ನೋಡಿದೆ, ಅವನು ಮುಂದಿನ ಸೀಟಿಗೆ ಹಣೆ ಹಚ್ಚಿಕೊಂಡು ನಕ್ಕ. ಎಲ್ಲರಿಗಿಂತ ಮೊದಲು ನಗುವವನು ಇವನು, ಇವನು ಅಸ್ಸಾಂ ದಾಟಿ ಹೋದರೆ ಮೊದಲು ಯಾರು ನಗುತ್ತಾರೆ ಎಂದು ಅನ್ನಿಸಿಬಿಟ್ಟಿತು. ಆ ಕೂಗನ್ನು ನಾನಿನ್ನೂ ಸರಿಯಾಗಿ ಕಲಿತೂ ಇರಲಿಲ್ಲ. ಇಷ್ಟೇ ನನ್ನ ಕಾರಣ. ಬರೆದಾಗ ಇನ್ನೂ ಸಣ್ಣದಾಗಿ ಕಾಣುತ್ತದೆ.

ವಾರದ ಕೊನೆಗೆ ಚಿಕ್ಕಪ್ಪ ವಾದ ಮಾಡಿ ಸುಸ್ತಾದ. ಒಂದು ಟೀ ಹೊತ್ತಿನಲ್ಲಿ ಫಿಟ್ಟರ್ ಗೆಲ್ಲುತ್ತಿದ್ದ, ಇನ್ನೊಂದರಲ್ಲಿ ಇವನು. ಕಡೆಗೆ "ಅಮ್ಮನ್ನೇ ಕೇಳಿಬುಡವ" ಎಂದ. ಅಮ್ಮ ಎಂದರೆ ನಮ್ಮ ಬೀದಿಯ ಕೊನೆಯ ಗುಡಿಯ ಚೌಡಮ್ಮ. ಮದುವೆ, ಮನೆ ಕಟ್ಟುವುದು, ಹೊಸ ಮಗ್ಗ ಹಾಕುವುದು, ಯಾವುದರಲ್ಲಿ ಮನಸ್ಸು ಎರಡಾದರೂ ನಮ್ಮ ಕಡೆ ಹೂ ಕೇಳುತ್ತಾರೆ. ಬಿಳಿ ಕಣಗಿಲೆ ಒಂದು, ಕೆಂಪು ಕಣಗಿಲೆ ಒಂದು. ಎರಡನ್ನೂ ಬೇರೆ ಬೇರೆ ವೀಳ್ಯದೆಲೆಯಲ್ಲಿ ಸುತ್ತಿ, ನೂಲು ಕಟ್ಟಿ, ದೇವಿಯ ಪಾದದಲ್ಲಿ ಇಡುವುದು. ಏನೂ ತಿಳಿಯದ ಮಗುವಿನ ಕೈಯಲ್ಲಿ ಒಂದನ್ನು ತೆಗೆಸುವುದು. ಬಿಳಿ ಬಂದರೆ ಉಳಿಯಲಿ, ಕೆಂಪು ಬಂದರೆ ಹೋಗಲಿ ಎಂದು ಚಿಕ್ಕಪ್ಪ ಮೊದಲೇ ಎಲ್ಲರೆದುರು ಹೇಳಿದ. ಫಿಟ್ಟರ್ ಒಪ್ಪಿದ. ಬಾವ "ಸರಿ ಮಾವ" ಎಂದ.

ಪೊಟ್ಟಣ ಯಾರು ಕಟ್ಟಬೇಕು ಎಂಬುದಕ್ಕೆ ಮತ್ತೆ ವಾದ. ಚಿಕ್ಕಪ್ಪ ಕಟ್ಟಿದರೆ ಫಿಟ್ಟರ್‌ಗೆ ನಂಬಿಕೆಯಿಲ್ಲ, ಫಿಟ್ಟರ್ ಕಟ್ಟಿದರೆ ಚಿಕ್ಕಪ್ಪನಿಗೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಇವ ಕಟ್ಲಿ" ಎಂದ ಚಿಕ್ಕಪ್ಪ. "ಇವ ಎಲ್ಲಾರ್ನೂ ಒಂದೇ ಥರ ಆಡ್ಕೋತಾನೆ. ಯಾವ ಕಡೆಯೂ ಇಲ್ಲ."

ನನ್ನ ಜೀವನದಲ್ಲಿ ಸಿಕ್ಕಿದ ಒಂದೇ ಒಂದು ಸರ್ಟಿಫಿಕೇಟು ಅದು.

ಗುಡಿಯ ಹಿಂದೆ ಎರಡು ಗಿಡಗಳೂ ಅಕ್ಕಪಕ್ಕದಲ್ಲೇ ಇವೆ. ಕೆಂಪು ಹೂವನ್ನು ಕಿತ್ತು ಕೈಯಲ್ಲಿ ಹಿಡಿದದ್ದೂ ನಿಜ. ಆಮೇಲೆ ಅದನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಕನ್ನಡಿಯಿಲ್ಲದಿದ್ದರೂ ಒಂದು ಪೋಸು ಕೊಟ್ಟು, ಬಿಸಾಡಿ, ಎರಡನೆಯ ಬಿಳಿ ಹೂವಿಗೆ ಕೈ ಹಾಕಿದೆ. ಎಲೆಯಲ್ಲಿ ಸುತ್ತಿ ನೂಲು ಕಟ್ಟುವಾಗ ಮಾತ್ರ ಭಯ ಬಂತು. ಎಲ್ಲಾದರೂ ಬಿಚ್ಚಿಕೊಂಡರೆ ಎಂದು ಸುತ್ತಿದೆ, ಮೇಲೆ ಮತ್ತೆ ಸುತ್ತಿದೆ. ಮುಗಿದಾಗ ಎರಡೂ ಪೊಟ್ಟಣ ನಿಂಬೆಹಣ್ಣಿನ ಹಾಗೆ ಗುಂಡಗಾಗಿದ್ದವು. ಪೂಜಾರಿ ಕೈಯಲ್ಲಿ ತೂಗಿ ನೋಡಿ, "ಏನಪ್ಪ, ಹೂವನ್ನ ಕಟ್ಟಿದ್ದಾ, ಕಳ್ಳನ್ನ ಕಟ್ಟಿದ್ದಾ?" ಎಂದರು. ನಾನು ಪೂಜಾರಿಯ ದನಿಯಲ್ಲೇ ಒಂದು ಮಂತ್ರ ಹೇಳಿ ಎಲ್ಲರನ್ನೂ ನಗಿಸಿ ತಪ್ಪಿಸಿಕೊಂಡೆ.

ಪೂಜಾರಿಯ ಮೊಮ್ಮಗಳನ್ನು ಕರೆದರು. "ಒಂದು ಎತ್ತು ಅಮ್ಮಿಣಿ" ಎಂದಳು ಅತ್ತೆ. ಮಗು ಎರಡನ್ನೂ ನೋಡಿತು. ಬಹಳ ಯೋಚನೆ ಮಾಡಿತು. ಪಾಪ, ಅಷ್ಟು ಯೋಚನೆ ಬೇಕಿರಲಿಲ್ಲ. ಒಂದನ್ನು ಎತ್ತಿ ಕೊಟ್ಟಿತು. ಪೂಜಾರಿ ನೂಲು ಬಿಚ್ಚಿದರು, ಬಿಚ್ಚುತ್ತಲೇ ಇದ್ದರು. ಕಡೆಗೆ ಎಲೆ ತೆರೆಯಿತು. ಬಿಳಿ.

"ಉಳ್ಕೊ ಅಂದ್ಬುಟ್ಳು ತಾಯಿ" ಎಂದು ಚಿಕ್ಕಪ್ಪ ಕೆನ್ನೆ ಬಡಿದುಕೊಂಡ. ಫಿಟ್ಟರ್ ದೇವಿಗೆ ಕೈ ಮುಗಿದ, ಚಿಕ್ಕಪ್ಪನಿಗೆ ಮುಗಿಯಲಿಲ್ಲ. ನಾನು ನೋಡುತ್ತಿದ್ದದ್ದು ಬಾವನನ್ನು. ಅವನ ಕತ್ತು, ನನಗೆ ಚೆನ್ನಾಗಿ ಗೊತ್ತಿರುವ ಆ ಕತ್ತು, ಒಂದು ಬೆರಳಿನಷ್ಟು ಉದ್ದವಾಗಿದ್ದದ್ದು ಮೆಲ್ಲಗೆ ಒಳಗೆ ಹೋಯಿತು. "ಸರಿ ಮಾವ, ಟೀಮ್‌ಗೆ ಹೇಳ್ಬುಡ್ತೀನಿ" ಎಂದು ಫೋನು ತೆಗೆದುಕೊಂಡು ಆಚೆ ನಡೆದ.

ತೆಗೆಯದೆ ಉಳಿದ ಪೊಟ್ಟಣವನ್ನು ನಮ್ಮಲ್ಲಿ ಬಿಚ್ಚುವುದಿಲ್ಲ. ಯಾರೂ ತುಳಿಯದ ಕಡೆ, ನೀರಿಗೆ ಹಾಕಿಬಿಡುತ್ತಾರೆ. ಅದನ್ನು ನಂಬಿಯೇ ನಾನು ಇಷ್ಟೆಲ್ಲ ಮಾಡಿದ್ದು. ಪೂಜಾರಿ ಕೈ ನೀಡುವ ಮೊದಲೇ "ನಾ ಹಾಕ್ಬುಡ್ತೀನಿ" ಎಂದು ಅದನ್ನು ಎತ್ತಿಕೊಂಡೆ. ಗುಡಿಯ ಬಲಕ್ಕೆ ಹಳೆಯ ಬಾವಿಯಿದೆ, ಸುತ್ತ ಮೋಟುಗೋಡೆ. ನಡೆದು ಹೋಗಿ ಹಾಕಬಹುದಿತ್ತು. ಕೈಯಲ್ಲಿದ್ದದ್ದು ಕೆಂಡದ ಹಾಗೆ ಅನ್ನಿಸುತ್ತಿತ್ತು, ಅದಕ್ಕೆ ಜಗುಲಿಯ ಮೇಲಿಂದಲೇ ಬಾವಿಯ ಕಡೆ ಬೀಸಿ ಎಸೆದೆ.

ಎರಡನೆಯ ದಡ್ಡತನ ಇದು. ನಮ್ಮ ಗುಡಿಯ ಹತ್ತಿರ ಫೋನಿಗೆ ಸಿಗ್ನಲ್ ಸಿಗುವ ಜಾಗ ಆ ಬಾವಿಯ ಕಟ್ಟೆಯೊಂದೇ. ಬಾವ ಅಲ್ಲಿ ನಿಂತಿದ್ದ, ನನ್ನ ಕಡೆ ಅರ್ಧ ಬೆನ್ನು ಮಾಡಿ, ಬಲಗಿವಿಯಲ್ಲಿ ಫೋನು. ನಾನು ಅವನನ್ನು ನೋಡಿದ್ದು ಪೊಟ್ಟಣ ಕೈ ಬಿಟ್ಟ ಮೇಲೆ. ಅವನು ಪೊಟ್ಟಣವನ್ನು ನೋಡಿದ್ದು ಯಾವಾಗಲೋ ನನಗೆ ಗೊತ್ತಿಲ್ಲ. ಎಡಗಾಲು ಒಂದು ಹೆಜ್ಜೆ ಹೋಯಿತು, ಮೈ ಬಾಗಿತು, ಎಡಗೈ ತಲೆಯ ಮೇಲಿಂದ ಹೋಗುತ್ತಿದ್ದ ಆ ನಿಂಬೆಹಣ್ಣನ್ನು ಗಾಳಿಯಲ್ಲೇ ಇಳಿಸಿಕೊಂಡಿತು. ಫೋನು ಕಿವಿಯಿಂದ ಅಲುಗಲಿಲ್ಲ.

"ಹಿಡ್ದ" ಎಂದಳು ಅತ್ತೆ. ಯಾರಿಗೂ ಹೇಳಿದ್ದಲ್ಲ. ಆಮೇಲೆ ಮಗನಿಗೆ, "ನೀ ಹಿಂಗಾ ಹಿಡಿಯೋದು?"

ಬಾವ ನಕ್ಕ. ಫೋನಿನಲ್ಲಿ ಯಾರೂ ಎತ್ತಿರಲಿಲ್ಲವೆಂದು ಕಾಣುತ್ತದೆ, ಕಿವಿಯಿಂದ ಇಳಿಸಿದ. ಕೈಯಲ್ಲಿದ್ದದ್ದು ಏನೆಂದು ನೋಡಿದ. ನಾನು ಜಗುಲಿಯಿಂದ ಇಳಿದು ಓಡುವ ಹೊತ್ತಿಗೆ ಅವನ ಹೆಬ್ಬೆರಳು ನೂಲಿನ ತುದಿಯನ್ನು ಹುಡುಕಿತ್ತು. ನೇಕಾರರ ಮನೆಯ ಹುಡುಗನಿಗೆ ಗಂಟು ಬಿಚ್ಚುವುದು ಯಾರೂ ಕಲಿಸಬೇಕಾದ್ದಲ್ಲ. ನಾನು ಅಷ್ಟು ಹೊತ್ತು ಸುತ್ತಿದ್ದನ್ನು ಅವನು ಒಂದೇ ಎಳೆತಕ್ಕೆ ಸಡಿಲಿಸಿದ. ಎಲೆ ಬಿಚ್ಚಿ ಬಿಳಿ ಹೂವನ್ನು ಅಂಗೈಯಲ್ಲಿ ಇಟ್ಟುಕೊಂಡ, ಎಲ್ಲರಿಗೂ ಕಾಣುವ ಹಾಗೆ.

ಮೊದಲು ನಕ್ಕವನು ಫಿಟ್ಟರ್, ಆದರೆ ಅದು ನಗುವಿನಂತೆ ಇರಲಿಲ್ಲ. ಪೂಜಾರಿ ಮೊಮ್ಮಗಳನ್ನು ಒಳಗೆ ಕಳಿಸಿದರು. ಅತ್ತೆ ನನ್ನ ಮುಖ ನೋಡಿದಳು. ಆ ನೋಟವನ್ನು ಇವತ್ತಿನವರೆಗೆ ನಾನು ಯಾವ ವೇದಿಕೆಯಲ್ಲೂ ಮಾಡಿ ತೋರಿಸಿಲ್ಲ, ಬರುವುದಿಲ್ಲ ಎಂದಲ್ಲ.

"ಯಾಕ್ಡಾ?" ಎಂದ ಚಿಕ್ಕಪ್ಪ. ನನಗೆ ಎಷ್ಟು ದನಿಗಳು ಬರುತ್ತವೆಯೋ ಅಷ್ಟೂ ದನಿಗಳನ್ನು ಒಳಗೆ ಹುಡುಕಿದೆ. ಉತ್ತರ ಕೊಡಲು ಒಂದೂ ಮುಂದೆ ಬರಲಿಲ್ಲ. ನನ್ನದು ಎಂಬ ದನಿ ಯಾವುದು ಎಂದು ಹುಡುಕುವಷ್ಟರಲ್ಲಿ ಚಿಕ್ಕಪ್ಪ ನನ್ನನ್ನು ಬಿಟ್ಟು ಗುಡಿಯ ಹಿಂದಕ್ಕೆ ಹೊರಟಿದ್ದ. "ತಪ್ಪಾಯ್ತು ತಾಯಿ. ಈ ಸಲ ನಾನೇ ಕಟ್ತೀನಿ, ಫಿಟ್ಟರ್ ಪಕ್ಕದಲ್ಲಿ ನಿಂತು ನೋಡ್ಲಿ. ಇನ್ನೊಂದ್ ಸಲ ಕೇಳವ" ಎನ್ನುತ್ತ ಕೆಂಪು ಕಣಗಿಲೆಗೆ ಕೈ ಹಾಕಿದ.

ಬಾವ ಬಾವಿಯ ಕಟ್ಟೆಯಿಂದ ಕೂಗಿದ. ತೆಂಗಿನಕಾಯಿ ಕಳದಲ್ಲಿ ನಾನು ಕೇಳಿದ್ದ ಅದೇ ಕೂಗು, ಬೀದಿಯ ಆ ತುದಿಗೂ ಕೇಳಿಸಿರಬೇಕು.

"ಬ್ಯಾಡ ಮಾವ, ನಿಲ್ಲು. ಮೂರು ವರ್ಸದಲ್ಲಿ ನನ್ ಕಡೆ ಬಂದ ಮೊದಲ್ನೇ ಬಾಲು ಇದು, ಅದ್ನೂ ಇವ ಫೌಲಾಗೇ ಹೊಡ್ದವ್ನೆ. ನಾ ಬಾಲು ಬರೋ ಊರ್ಗೆ ಹೋಯ್ತೀನಿ."